ಚಂದ್ರಿಕೆ

ಮಂಗಳವಾರ. ಅರಕಲಗೂಡಿನ ಬಸ್ಸಿಳಿದು
ಹನ್ನೊಂದಕ್ಕೆ ಬರುತ್ತಾಳೆ ಹಾಸನದ ಆಸ್ಪತ್ರೆಗೆ, ಮೇದರ ಕೇರಿಯ ಕೇತಮ್ಮ,
ಬಲಗೈಯನ್ನು ಎಡಗೈಲಿ ಹಿಡಿದುಕೊಂಡು,
ಸ್ವಲ್ಪ ನೋಡ್ಕೊಳ್ಳಿ ಎಂದು ಯಾರೋ ಕೊಟ್ಟುಹೋದ ಕೂಸಿನಂತೆ.

ಮಚ್ಚು ಜಾರಿದ್ದು ಹಸಿಬಿದಿರಿನ ಗಿಣ್ಣಿನ ಮೇಲೆ.
ಚರ್ಮ ಕೂಡಿತು, ನರ ಕೂಡಲಿಲ್ಲ.
ಮೂರು ಬೆರಳು ಮಲಗಿದವು, ಅವಳವೇ ಅಲ್ಲವೆಂಬಂತೆ.
ಹೆಂಚು ಸುಟ್ಟರೆ ವಾಸನೆಯಿಂದ ತಿಳಿಯಬೇಕು,
ಸಿಬಿರು ನಟ್ಟರೆ ಕೀವಾದ ಮೇಲೆ.

ಸರ್ಜನ್ ಮೇಡಂ ಚೀಟಿಯ ಹಿಂದೆ ಬರೆದು ತೋರಿಸಿದರು:
ತುಂಡಾದ ಎರಡು ತುದಿ, ನಡುವೆ ಮೂರು ಸೆಂಟಿಮೀಟರ್ ಬಯಲು.
ಅಲ್ಲಿಗೊಂದು ಕೊಳವೆ, ರೇಷ್ಮೆಯದು.
ಒಳಗೆ ನಿಮ್ಮದೇ ಸೊಂಟದ ಮಜ್ಜೆಯಿಂದ ತೆಗೆದ ಆಕರಕೋಶ.
ಇದಿನ್ನೂ ಪ್ರಯೋಗ. ಆಗದೆಯೂ ಇರಬಹುದು.
ರುಜು ಹಾಕುವ ಮೊದಲು ಯೋಚಿಸಿ.

ರುಜು ಹಾಕುವ ಕೈಯೇ ಅದು!
ಎಡದ ಹೆಬ್ಬೆಟ್ಟು ಒತ್ತಿದಳು. ಒತ್ತಿ ಕೇಳಿದಳು:
"ರೇಷ್ಮೆ ಅಂದ್ರಲ್ಲ, ಯಾವೂರ ಹುಳ?"

ಮೂವತ್ತು ವರ್ಷ ಚಂದ್ರಿಕೆ ಹೆಣೆದವಳು.
ಚಾಪೆಯ ಮೇಲೆ ಸುತ್ತುಸುತ್ತಾಗಿ ಬಿದಿರ ಪಟ್ಟಿ.
ಹಣ್ಣಾದ ಹುಳ ತಲೆಯೆತ್ತಿ, ಗಾಳಿಯಲ್ಲಿ ಆಡಿಸಿ,
ಆತುಕೊಳ್ಳಲು ಏನಾದರೂ ಹುಡುಕುವಾಗ
ಸಿಗಬೇಕು ಅದಕ್ಕೆ ತಕ್ಕ ಸಂದು.
"ಅಗಲ ಆದ್ರೆ ಸುಮ್ಕೆ ಅಲೀತದೆ.
ಇಕ್ಕಟ್ಟಾದ್ರೆ ಎಲ್ಡು ಸೇರಿ ಒಂದೇ ಗೂಡು ಕಟ್ತವೆ, ನೂಲು ಬರಾಕಿಲ್ಲ."
ಮೇಡಂ ಪೆನ್ನು ಕೆಳಗಿಟ್ಟು ಕೇಳಿಸಿಕೊಂಡರು.
ಕೊಳವೆಯೊಳಗಿನ ಸಂದಿನ ಅಳತೆಗೆ
ಅವರ ಲ್ಯಾಬಿನವರೂ ಎರಡು ವರ್ಷ ತಿಣುಕಿದ್ದರಂತೆ.

ಪ್ಲಾಸ್ಟಿಕ್ಕಿನವು ಬಂದು ಅವಳ ಚಂದ್ರಿಕೆ
ಅಟ್ಟ ಸೇರಿ ಎಷ್ಟೋ ಕಾಲ.

ಆ ಕೋಶಗಳು ನರವಾಗುವುದಿಲ್ಲವಮ್ಮ, ನಾನೆಂದೆ,
ನರ ಬರುವ ದಾರಿಯಲ್ಲಿ ಬುತ್ತಿ ಬಿಚ್ಚಿ ಕೂತಿರುತ್ತವೆ, ಅಷ್ಟೆ.
ದಿನಕ್ಕೊಂದು ರಾಗಿಕಾಳಿನಷ್ಟು ನಡಿಗೆ,
ಅದೂ ಮನಸ್ಸು ಬಂದರೆ.

ನನ್ನ ಕೆಲಸ ತಟ್ಟುವುದು.
ಬೆರಳ ತುದಿಯಿಂದ ಗಾಯದ ಕಡೆಗೆ, ಮೆಲ್ಲಗೆ,
ಮಲಗಿದವರ ಮನೆ ಬಾಗಿಲು ತಟ್ಟಿದ ಹಾಗೆ.
ಇಲ್ಲಿ? ಇಲ್ಲ. ಇಲ್ಲಿ? ಇಲ್ಲ.
ಇಲ್ಲಿ? "ಹ್ಞೂಂ, ಜುಮ್ ಅಂತು."
ಜುಮ್ ಅಂದಲ್ಲಿ ನೀಲಿ ಪೆನ್ನಿನದೊಂದು ಚುಕ್ಕಿ.
ಯುಗಾದಿಗೆ ಮಣಿಕಟ್ಟು. ಕಾರಹುಣ್ಣಿಮೆಗೆ ಅಂಗೈ ನಡು.
ಆಷಾಢ ಪೂರ್ತಿ ಚುಕ್ಕಿ ಕದಲಲಿಲ್ಲ.
ನಾನು ಫೈಲು ತಿರುವಿ ತಿರುವಿ ನೋಡಿದೆ;
"ಆಷಾಡ್ದಲ್ಲಿ ಯಾರು ಹೊಸ ಮನೆಗೆ ಹೋಯ್ತಾರೆ?" ಅಂದಳು ಅವಳು.

ಗೌರಿ ಕಳೆದು, ದೀಪಾವಳಿಯೂ ಕಳೆದು
ಇವತ್ತು ಕಣ್ಣು ಮುಚ್ಚಿಸಿ ಹೆಬ್ಬೆರಳು ಮುಟ್ಟಿದೆ.
"ನಡುಬೆರಳು," ಅಂದಳು, ಅನುಮಾನವೇ ಇಲ್ಲದೆ.
ನಡುಬೆರಳು ಮುಟ್ಟಿದರೆ ತುಸು ತಡೆದು, "ಅಲ್ಲೇ ಎಲ್ಲೋ."
ದಾರಿ ಸವೆಸಿ ಬಂದ ಎಳೆಗಳು
ಕತ್ತಲಲ್ಲಿ ಪಕ್ಕದ ಮನೆ ಹೊಕ್ಕಿವೆ.
ತಿದ್ದಬಹುದೇನೋ, ತಿಂಗಳುಗಟ್ಟಲೆ; ತಿದ್ದದೆಯೂ ಹೋಗಬಹುದು.
ಹೇಗೆ ಹೇಳಲಿ ಎಂದು ನಾನು ಮಾತು ಹುಡುಕುತ್ತಿದ್ದರೆ
ಅವಳಿಗೆ ನಗು: "ಹೋಗ್ಲಿ ಬಿಡವ್ವ,
ಯಾರೋ ಒಬ್ರು ಬಾಗ್ಲು ತಗುದ್ರಲ್ಲ!"

ಆಮೇಲೆ ದನಿ ತಗ್ಗಿಸಿ:
"ನೆನ್ನೆ ಸಿಬಿರು ಚುಚ್ಚಿ ಜೀವ ಹೋಗೋ ನೋವು.
ನಡುಬೆರಳೆಲ್ಲ ತಡಕಾಡ್ದೆ. ಇದ್ದದ್ದು ನೋಡಿದ್ರೆ ಹೆಬ್ಬೆಟ್ಟಲ್ಲಿ!"

ಸಿಬಿರೇ? ಎಲ್ಲಿಂದ ಬಂತು ಸಿಬಿರು?
ಮಚ್ಚು ಮುಟ್ಟಬೇಡ ಅಂದಿದ್ದೆನಲ್ಲ ಕೇತಮ್ಮ?

ಅವಳು ಕಿಟಕಿಯಾಚೆ ನೋಡಿದಳು,
ಬಸ್ಸಿಗೆ ಹೊತ್ತಾಯಿತೆಂಬಂತೆ.