ಏಳೂವರೆ ಗ್ರಾಂ

ಕಪ್ಪೆ ತೂಗಿದ ಹಾಗೆ ಅನ್ನುತ್ತಾರಲ್ಲ,
ನಿಟ್ಟೂರಿನ ಹಳ್ಳದ ದಂಡೆಯಲ್ಲಿ, ರಾತ್ರಿ ಹನ್ನೊಂದಕ್ಕೆ
ನಾನು ನಿಜಕ್ಕೂ ತೂಗುತ್ತಿದ್ದೆ.
ಟಾರ್ಚು ಹಿಡಿದ ಕೆರಿಯಣ್ಣ ಗೊಣಗಿದ:
"ಎಮ್ಮೆಸ್ಸಿ ಓದಿ ಇದೇ ಕೆಲಸನಾ ಮಾರಾಯ್ತಿ?"

ಏಳೂವರೆ ಗ್ರಾಂ.
ಬ್ಯಾಟರಿಯ ಒಂದು ಸಣ್ಣ ಚುರುಕಿಗೆ
ಬೆನ್ನು ಹಾಲುಹಾಲಾಗಿ ಬೆವರಿತು.
ತೊಳೆದು ಸೀಸೆಗಿಳಿಸಿಕೊಂಡೆ.
ಬಿಟ್ಟೊಡನೆ ಅಂಗೈಯಲ್ಲಿ ಉಚ್ಚೆ ಹೊಯ್ದು
ಕತ್ತಲಿಗೆ ಹಾರಿತು.
ನ್ಯಾಯವೇ.

ಶಂಕರಘಟ್ಟದ ಲ್ಯಾಬಿನಲ್ಲಿ ಮೂರು ವಾರ.
ಇಪ್ಪತ್ತೊಂದು ಅಮೈನೋ ಆಮ್ಲ ಪೋಣಿಸಿದ ಎಳೆ,
ಯಾವ ಪಟ್ಟಿಯಲ್ಲೂ ಇಲ್ಲದ್ದು.
ಯಾರದೋ ಕಾಲಿನ ಮಾಯದ ಹುಣ್ಣಿನಿಂದ ಬಂದ
ಬ್ಯಾಕ್ಟೀರಿಯಾ ಕಿಕ್ಕಿರಿದ ತಟ್ಟೆಯಲ್ಲಿ
ಹನಿ ಬಿದ್ದಲ್ಲಿ ಮಾತ್ರ ಒಂದು ಖಾಲಿ ವೃತ್ತ,
ಹಣೆಯ ಬೊಟ್ಟಿನಷ್ಟು.

ಫೋಟೊ ಕಳಿಸಿದೆ.
ಸಂಜೆ ಕೆರಿಯಣ್ಣನ ಫೋನು:
"ಅಲ್ಲಿ ಏನೂ ಕಾಣ್ತಿಲ್ವಲ್ಲ?"

ಅದೇ, ಕೆರಿಯಣ್ಣ.
ಅದೇ.