ಎಕೋ ಮೆಷಿನ್ನಿನ ಬಾಡಿಗೆ

ಮದುವೆ, ಮುಂಜಿ, ಮುನಿಸಿಪಾಲ್ಟಿ ಎಲೆಕ್ಷನ್ನು:
ನಲವತ್ತು ವರ್ಷ ದಾವಣಗೆರೆಗೆ
ಗಂಟಲು ಬಾಡಿಗೆ ಕೊಟ್ಟವನು ನಾನು, ಮೈಕ್‌ಸೆಟ್ ಬೋರಯ್ಯ.

ಮಂಡಕ್ಕಿ ಭಟ್ಟಿ ಕಡೆಯಿಂದ ಒಂದು ಮಧ್ಯಾಹ್ನ
ತಲೆ ತುಂಬ ಹೊಟ್ಟಿನ ದೂಳು ಹೊತ್ತು ಬಂದ ಹುಡುಗಿ
ಸ್ಪೀಕರು ಕೇಳಲಿಲ್ಲ;
ಅಟ್ಟದ ಮೇಲೆ ಸತ್ತು ಬಿದ್ದಿದ್ದ ಎಕೋ ಮೆಷಿನ್ನಿಗೆ ಬೆರಳು ತೋರಿದಳು.
'ಅದು ಸರಿಯಿಲ್ಲಮ್ಮ, ಒಂದು ಮಾತಿಗೆ ಒಂಬತ್ತು ಸಲ ಬಡಬಡಿಸುತ್ತೆ.'
'ಅದೇ ಬೇಕು ಅಂಕಲ್.'
ಹೆಸರು ಜಬೀನಾ. ದಿನಕ್ಕೆ ಇಪ್ಪತ್ತು ರೂಪಾಯಿ, ಬರೆದುಕೊಂಡೆ.

ಏನಮ್ಮ ನಿನ್ನ ಸಂಗೀತ ಅಂದರೆ
ಡ್ರೀಮ್ ಪಾಪ್ ಅಂದಳು.
ಪಾಪ, ಅಂದುಕೊಂಡೆ.

ಕಾದ ಮರಳಲ್ಲಿ ಅಕ್ಕಿ ಅರಳುವ ಸದ್ದನ್ನು
ಅಪ್ಪನ ಭಟ್ಟಿಯಲ್ಲಿ ಫೋನಿಗೆ ಹಿಡಿದು
ನಿಧಾನಕ್ಕೆ, ಇನ್ನೂ ನಿಧಾನಕ್ಕೆ ಎಳೆದು ಕೇಳಿಸಿದಳು.
ಕಡಲು ಅಂದೆ. ಕಡಲು ಕಂಡವನಲ್ಲ ನಾನು.
ಅದರ ಮೇಲೆ ಅವಳ ದನಿ:
ಹಾಡುತ್ತಾಳೋ, ಆಕಳಿಕೆಗೇ ರಾಗ ಹಚ್ಚುತ್ತಾಳೋ,
ಮಾತು ಒಂದೂ ತಿಳಿಯಲಿಲ್ಲ.
'ತಿಳಿದರೆ ಎಚ್ಚರ ಆಗಿಬಿಡುತ್ತೆ' ಅಂದಳು.

ಮೊದಲ ಹಾಡು ಹದಿನೇಳು ಸಲ ಕೇಳಿಸಿಕೊಂಡಿತು,
ಅದರಲ್ಲಿ ನಾಲ್ಕು ಸಲ ನಾನೇ.
ಕಾಲೇಜಿನ ವಾರ್ಷಿಕೋತ್ಸವದಲ್ಲಿ
ಕುಣಿಯಲು ಬಂದ ಹುಡುಗರು ಕೂಗಿದರು,
ಆಮೇಲೆ ಕೂತರು, ಆಮೇಲೆ
ಕರೆಂಟು ಹೋಯಿತು.
ಹಾಡೇ ಹೀಗೆ ತೆಳ್ಳಗಾಗಿ ಮುಗಿಯುತ್ತೇನೋ ಅಂತ
ಎಷ್ಟೋ ಹೊತ್ತು ಸುಮ್ಮನಿದ್ದರು ಕತ್ತಲಲ್ಲಿ.
ಕೊಬ್ಬರಿ ಎಣ್ಣೆ ಜಾಹೀರಾತಿಗೆ ಎಂಟು ಸೆಕೆಂಡು, ಆ ದುಡ್ಡಲ್ಲಿ ಕೀಬೋರ್ಡು.
ಹುಬ್ಬಳ್ಳಿಯ ನಿರ್ಮಾಪಕ
'ದನಿ ಸ್ವಲ್ಪ ಮುಂದಕ್ಕೆ ತನ್ನಿ, ಮುಖ ಕಾಣಲಿ' ಅಂದನಂತೆ.
ಸಂಜೆ ಬಸ್ಸಿಗೇ ವಾಪಸು ಬಂದಳು.

ಒಂದು ದಿನ ಓಡಿ ಬಂದಳು: ವರ್ಷದ ರಾಯಲ್ಟಿ, ಅರವತ್ತಮೂರು ರೂಪಾಯಿ!
ಇಬ್ಬರೂ ನರ್ಗಿಸ್ ಮಂಡಕ್ಕಿ, ಮಿರ್ಚಿ ತಿಂದೆವು.
ಏಳು ರೂಪಾಯಿ ಕಡಿಮೆ ಬಿತ್ತು, ನಾನು ಹಾಕಿದೆ.

ಹೋದ ವಾರ ಆಲ್ಬಮ್ಮು ಬಂತು.
ಕೊನೆಯ ಹಾಡಲ್ಲಿ, ಎಲ್ಲ ವಾದ್ಯ ಮಂಜಾಗಿ ಕರಗುವ ಹೊತ್ತಿಗೆ,
ಯಾರೋ ಹಲೋ... ಹಲೋ... ಅಂತಾನೆ,
ಹೊಸ ಅಳಿಯನ ಹಾಗೆ ನಾಚಿಕೊಂಡು.
ಕೈಯಲ್ಲಿದ್ದ ಟೀ ಆರಿತು.
ಅದು ನಾನು.
ಮೀಸೆ ಮೂಡುವ ಮುಂಚೆ, ಯಾರದೋ ಚಪ್ಪರದಲ್ಲಿ,
ಮೊದಲ ಸಲ ಮೈಕು ಮುಟ್ಟಿದವನು.
ಅಳಿಸಿ ಅಳಿಸಿ ಬರೆದ ಟೇಪಿನ ಅಡಿಯಲ್ಲಿ
ಇಷ್ಟು ವರ್ಷ ಹಾಗೇ ಕೂತಿದ್ದಾನೆ,
ಕೇಳಿಸ್ತಾ ಇದೆಯಾ ಅಂತ.

ಮೆಷಿನ್ನು ಇನ್ನೂ ಅವಳ ಹತ್ತಿರವೇ ಇದೆ.
ಮೂರು ವರ್ಷದ ಬಾಡಿಗೆ ಬಾಕಿ.
ಹೊಡೆದು ಹಾಕೋಣ ಅಂತ ಪುಸ್ತಕ ತೆಗೆದೆ, ಪೆನ್ನು ತೆಗೆದೆ.
ಬೇಡ.
ಬಾಕಿ ಇದ್ದವರು ತಾನೇ
ಮತ್ತೆ ಅಂಗಡಿ ಮೆಟ್ಟಿಲು ಹತ್ತೋದು.