ತೊಂಬತ್ತೆಂಟು ರೂಪಾಯಿ

ಸಂಬಳದ ಚೀಟಿಯಲ್ಲಿ ಇ.ಎಸ್.ಐ. ಅಂತ ಒಂದು ಸಾಲು,
ಈಗ ತಿಂಗಳಿಗೆ ತೊಂಬತ್ತೆಂಟು.
ಆರು ವರ್ಷದಿಂದ ಹಿಡಿಯುತ್ತಿದ್ದಾರೆ,
ಇಂದ್ರಾಣಿ ಒಮ್ಮೆಯೂ ಯಾಕೆಂದು ಕೇಳಿದವಳಲ್ಲ.

"ಅಲ್ಲಿ ಫ್ರೀ ಕಣೇ, ಕಾರ್ಡು ತೋರಿಸು ಸಾಕು" ಅಂದೆ.
"ರಜದ ಚೀಟಿ ಯಾರ ಮೇಜಿಗೆ ಬರುತ್ತೆ?" ಅಂದಳು.
ಇಬ್ಬರಿಗೂ ಗೊತ್ತು: ಮೂರನೇ ಲೈನಿನ ಸೂಪರ್‌ವೈಸರ್,
ಅವಳ ಅತ್ತೆಯ ತಂಗಿಯ ಮಗ,
ಹೊಲಿದ ಕಾಲರ್ ಎಣಿಸುವ ಹಾಗೆ
ಬಾತ್‌ರೂಮಿಗೆ ಎದ್ದವರನ್ನೂ ಎಣಿಸುವವನು.
ಹಾಸನಾಂಬೆ ದರ್ಶನಕ್ಕೆ ಅನ್ನೋಣವೆಂದರೆ
ಬಾಗಿಲು ತೆರೆಯಲು ಇನ್ನೂ ಏಳು ತಿಂಗಳು.
ಏಳು ಅಂದವಳೇ ನಕ್ಕುಬಿಟ್ಟಳು. ನಾನೂ.

ಗಂಡ ಲಾರಿಯ ಮೇಲೆ.
"ನೀನು ಹೇಗೆ ಹೇಳ್ತೀಯೋ ಹಾಗೆ" ಅಂದಿದ್ದ ಫೋನಿನಲ್ಲಿ,
ದುಡ್ಡಿನ ಮಾತು ಬರುವಷ್ಟರಲ್ಲಿ
ಶಿರಾಡಿ ಘಾಟಿ, ಸಿಗ್ನಲ್ ಹೋಯಿತು.

ಭಾನುವಾರ, ಸಾಲಗಾಮೆ ರಸ್ತೆ, ಮಹಡಿಯ ಮೇಲಿನ ನರ್ಸಿಂಗ್ ಹೋಮು.
ಸ್ಕ್ಯಾನಿಂಗು ಬೇರೆ, ರಕ್ತ ಬೇರೆ, ಮಂಚಕ್ಕೆ ಅರ್ಧ ದಿನದ ಬಾಡಿಗೆ,
ಒಟ್ಟು ಎಂಟು ಸಾವಿರದ ನಾನೂರು.
ಓಲೆ ಶನಿವಾರವೇ ಗಿರವಿಗೆ ಹೋಗಿತ್ತು,
ಸಾಲದ್ದಕ್ಕೆ ನನ್ನ ಚೀಟಿ ದುಡ್ಡು.
ಕೌಂಟರಿನ ಹುಡುಗ ಕೇಳಿದ: "ಇನ್ಶೂರೆನ್ಸ್ ಏನಾದ್ರೂ ಇದೆಯಾ ಮೇಡಂ?"
"ಇಲ್ಲ" ಅಂದಳು,
ಕಾರ್ಡಿದ್ದ ಪರ್ಸನ್ನು ಕಂಕುಳಿಗೆ ಒತ್ತಿಕೊಂಡು.

ಒಳಗೆ ಮುಕ್ಕಾಲು ಗಂಟೆ.
ಹೊರಬಂದು ಎಳನೀರು ಕುಡಿದು ಗಂಜಿಯನ್ನೂ ಕೆರೆಸಿ ತಿಂದಳು.
ರಸೀದಿ ಹರಿಯಲು ಹೋದೆ;
ಕಿತ್ತುಕೊಂಡು, ನಾಲ್ಕಾಗಿ ಮಡಿಸಿ
ಅದೇ ಕಾರ್ಡಿನ ಹಿಂದೆ ಸೇರಿಸಿದಳು.

ಸೋಮವಾರ ಎಂಟೂವರೆಗೆ ಮಿಶಿನ್ನಿನ ಮುಂದೆ,
ಬರಿಗಿವಿ.
ಯಾರೋ ಕೇಳಿದರು. "ಪಾಲಿಶಿಗೆ ಕೊಟ್ಟಿದ್ದೀನಿ."
ಮಧ್ಯಾಹ್ನ ಸಂಬಳದ ಚೀಟಿ ಹಂಚಿದರು.
ತೊಂಬತ್ತೆಂಟು, ಹಿಡಿದಿದ್ದಾರೆ.